ಮಾಸ್ಕ್ ಕಡ್ಡಾಯ ಅಂದ್ರೆ ಅಂಗಡಿಗೆ ಹೋಗೋ ಮನಸ್ಸೇ ಬರಲ್ವಾ, ಇಲ್ಲ ಅದಿದ್ರೇನೇ ಧೈರ್ಯ ಬರುತ್ತಾ?

ಮಬ್ಬುಕನ್ನಡಕ
ನಿನ್ನೆ ಒಂದು ಹಳೇ ಜಾಕೆಟ್ ಒಗೆಯೋಕೆ ಹಾಕೋ ಮುಂಚೆ ಜೇಬು ತಡಕಿದೆ. ಒಳಗೆ ಒಂದು ಮಾಸ್ಕು, ನಾಲ್ಕು ಮಡಿಕೆ ಮಾಡಿ ತುರುಕಿದ್ದು, ಮೂಗಿನ ತಂತಿ ತುಕ್ಕು ಹಿಡಿದಿತ್ತು, ಅದರ ಜೊತೆಗೊಂದು ಬಿಲ್ಲು, ಅಕ್ಷರ ಪೂರ್ತಿ ಮಾಸಿಹೋಗಿ ಬರೀ ಬಿಳಿ ಕಾಗದ. ಅದನ್ನ ಕೈಯಲ್ಲಿ ಹಿಡ್ಕೊಂಡು ನಿಂತಾಗ ಹೊಳೆದ ಪ್ರಶ್ನೆ ಇದು. ಆ ಕೊರೋನಾ ಕಾಲದಲ್ಲಿ ನಾನು ಅಂಗಡಿಗೆ ಹೋಗೋದು ತುಂಬಾ ಕಮ್ಮಿ ಮಾಡಿದ್ದೆ, ಅದು ನಿಜ. ಆದ್ರೆ ಯಾಕೆ? ಕಾಯಿಲೆ ಭಯಕ್ಕಾ, ಇಲ್ಲ ಮಾಸ್ಕ್ ಹಾಕ್ಕೊಳ್ಳೋ ಕಿರಿಕಿರಿಗಾ? ಇಷ್ಟು ದಿನ ಭಯಕ್ಕೇ ಅಂತ ಹೇಳ್ಕೊಂಡು ಬಂದಿದ್ದೆ, ಈಗ ಯೋಚನೆ ಮಾಡಿದ್ರೆ ಅಷ್ಟು ಖಾತ್ರಿ ಇಲ್ಲ.

ನಾನು ದಪ್ಪ ಗಾಜಿನ ಕನ್ನಡಕದವನು. ಮಾಸ್ಕ್ ಹಾಕ್ಕೊಂಡು ಕಪಾಟಿನ ಮುಂದೆ ನಿಂತು ಬಾಟಲ್ ಮೇಲಿನ ಸಣ್ಣಕ್ಷರ ಓದಬೇಕಂದ್ರೆ ಉಸಿರು ಬಿಗಿಹಿಡೀಬೇಕು, ಓದಿ ಉಸಿರು ಬಿಟ್ರೆ ಗಾಜು ಮತ್ತೆ ಮಬ್ಬು. ಹೀಗೆ ಮುಳುಗು ಹಾಕ್ದಂಗೆ ಉಸಿರು ಕಟ್ಕೊಂಡು ಎರಡು ಬಾಟಲ್ ಹೋಲಿಸಿ ನೋಡೋಕಾಗುತ್ತಾ? ಕೈಗೆ ಸಿಕ್ಕಿದ್ದು ಎತ್ಕೊಂಡು ಬರ್ತಿದ್ದೆ. ಒಂದ್ಸಲ ಶಾಂಪೂ ಅಂತ ಕಂಡೀಷನರ್ ತಂದು ವಾರ ಪೂರ್ತಿ ನೊರೆ ಯಾಕೆ ಬರ್ತಿಲ್ಲ ಅಂತ ತಲೆ ತಿಕ್ಕಿದ್ದೇ ತಿಕ್ಕಿದ್ದು.

ನಿಮ್ಮದೇನು ಅನುಭವ? ಬಾಗಿಲಲ್ಲಿ ಮಾಸ್ಕ್ ಕಡ್ಡಾಯ ಅಂತ ಬೋರ್ಡ್ ನೋಡಿದ್ರೆ ಒಳಗೆ ಹೋಗ್ತಿದ್ರಾ, ವಾಪಸ್ ತಿರುಗ್ತಿದ್ರಾ? ನಾಳೆ ಮತ್ತೆ ಅಂಥ ದಿನ ಬಂದ್ರೆ?

ಸೋಮಾರಿ_ಸಂಘ
ನಂಗೆ ಅಂಗಡಿ ಸುತ್ತೋದು ಮೊದ್ಲಿಂದಾನೂ ಆಗ್ದು. ಮಾಸ್ಕು ಒಂದೊಳ್ಳೇ ನೆಪ ಕೊಡ್ತು ಅಷ್ಟೇ ಗುರು. "ಬಾರೋ ಹೋಗ್ಬರೋಣ" ಅಂದ್ರೆ "ಮಾಸ್ಕ್ ಒಗೆಯೋಕೆ ಹಾಕಿದೀನಿ ಕಣೋ" ಅನ್ನೋದು. ಎರಡು ವರ್ಷ ನಡೀತು.

ಅಳತೆಪಟ್ಟಿ
ಬಟ್ಟೆ ಅಂಗಡಿ ನಡೆಸೋನು ನಾನು, ಚಿಕ್ಕದೇ. ಗಲ್ಲಾದ ಹಿಂದೆ ಕೂತು ಕಂಡಿದ್ದನ್ನ ಹೇಳ್ತೀನಿ. ಜನ ಬರೋದು ಕಮ್ಮಿ ಆಯ್ತು ಅನ್ನೋದು ಅರ್ಧ ಸತ್ಯ. ಬಟ್ಟೆ ಬೇಕೇ ಬೇಕು ಅನ್ನೋರು ಬರ್ತಾನೇ ಇದ್ರು, ಮಗುಗೆ ಬಟ್ಟೆ ಗಿಡ್ಡ ಆಗಿದೆ, ಪ್ಯಾಂಟ್ ಜಿಪ್ ಹೋಗಿದೆ, ಅಂಥೋರು ಮಾಸ್ಕ್ ಅಲ್ಲ ಹೆಲ್ಮೆಟ್ ಹಾಕ್ಕೊಂಡು ಬನ್ನಿ ಅಂದ್ರೂ ಬರ್ತಾರೆ. ಕಾಣೆಯಾಗಿದ್ದು ಯಾರು ಗೊತ್ತಾ, ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬರೋರು. ಏನೂ ತಗೊಳ್ದೆ ಹೋಗ್ತಾರೆ ಅಂತ ಅಂಥೋರನ್ನ ನಾವು ಒಳಗೊಳಗೇ ಬೈಕೊಳ್ತಿದ್ವಲ್ಲ, ಅವರು ನಿಂತೋದ್ಮೇಲೆ ಗೊತ್ತಾಯ್ತು, ನಮ್ಮ ವ್ಯಾಪಾರದ ದೊಡ್ಡ ಪಾಲು ಬರ್ತಿದ್ದಿದ್ದು ಅವರಿಂದಾನೇ ಅಂತ. ನೋಡೋಕೆ ಅಂತ ಬಂದು ಒಂದು ತಗೊಂಡು, ಅದಕ್ಕೆ ಮ್ಯಾಚಿಂಗ್ ಇನ್ನೊಂದು ತಗೊಂಡು, ತಂಗಿಗೂ ಒಂದಿರಲಿ ಅಂತ ಮೂರು ಕವರ್ ಹಿಡ್ಕೊಂಡು ಹೋಗೋರು ಅವರೇ.

ಇನ್ನೊಂದು ವಿಷಯ. ಒಳಗೆ ಬಂದೋರು ನಿಲ್ತಿರ್ಲಿಲ್ಲ. ಬಟ್ಟೆ ಅಂದ್ರೆ ಕನ್ನಡಿ ಮುಂದೆ ನಿಂತು ಮುಖಕ್ಕೆ ಹಿಡಿದು ನೋಡ್ಬೇಕು, ಬಣ್ಣ ಒಪ್ಪುತ್ತಾ ಇಲ್ವಾ ಅಂತ. ಮುಖದ ಅರ್ಧ ನೀಲಿ ಮಾಸ್ಕು, ಕೈಯಲ್ಲಿ ಹಸಿರು ಬಟ್ಟೆ, ಏನು ಗೊತ್ತಾಗುತ್ತೆ? ಒಬ್ಬ ಹೆಂಗಸು ಕನ್ನಡಿ ಮುಂದೆ ನಿಂತು ಆ ಕಡೆ ಈ ಕಡೆ ನೋಡಿ, ಯಾರೂ ನೋಡ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡು, ಮಾಸ್ಕ್ ಗದ್ದಕ್ಕೆ ಇಳಿಸಿ, ಎರಡು ಸೆಕೆಂಡ್ ನೋಡ್ಕೊಂಡು ಟಕ್ ಅಂತ ಮೇಲೆ ಎಳ್ಕೊಂಡ್ರು. ಕಳ್ಳತನ ಮಾಡಿದೋರ ಥರ. ನಾನು ಮುಖ ತಿರುಗಿಸ್ಕೊಂಡು ಬಿಲ್ ಬುಕ್ ನೋಡ್ತಾ ಕೂತೆ.

ಲೆಕ್ಕದ_ಮನುಷ್ಯ
ಭಯಾನಾ ನಿಯಮಾನಾ ಅನ್ನೋ ಪ್ರಶ್ನೆಗೆ ಅಂಕಿಅಂಶ ಇದೆ, ನೇರವಾಗಿ ಮಾಸ್ಕ್ ಬಗ್ಗೆ ಅಲ್ಲ, ಆದ್ರೆ ಹತ್ತಿರದ್ದು. ಶಿಕಾಗೋ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ಆಸ್ಟನ್ ಗೂಲ್ಸ್‌ಬಿ ಮತ್ತು ಚಾಡ್ ಸೈವರ್ಸನ್ 2020ರಲ್ಲಿ ಒಂದು ಅಧ್ಯಯನ ಮಾಡಿದ್ರು. ಮೊಬೈಲ್ ಫೋನ್‌ಗಳ ಓಡಾಟದ ದಾಖಲೆ ಇಟ್ಕೊಂಡು ಅಮೆರಿಕದಲ್ಲಿ 22 ಲಕ್ಷಕ್ಕೂ ಹೆಚ್ಚು ಅಂಗಡಿ, ವ್ಯಾಪಾರದ ಜಾಗಗಳಿಗೆ ಜನ ಎಷ್ಟು ಹೋದ್ರು ಅಂತ ನೋಡಿದ್ರು. ಪಕ್ಕಪಕ್ಕದಲ್ಲೇ ಇದ್ರೂ ಗಡಿಯ ಈಚೆ ಒಂದು ನಿಯಮ ಆಚೆ ಇನ್ನೊಂದು ಇರೋ ಕಡೆಗಳನ್ನ ಹೋಲಿಸಿದ್ರು. ಸಿಕ್ಕಿದ್ದು ಏನಂದ್ರೆ ಜನರ ಓಡಾಟ ಒಟ್ಟು ಶೇ. 60ರಷ್ಟು ಬಿತ್ತು, ಆ 60ರಲ್ಲಿ ಸರ್ಕಾರಿ ನಿರ್ಬಂಧದಿಂದ ಬಿದ್ದಿದ್ದು ಬರೀ 7. ಉಳಿದಿದ್ದೆಲ್ಲಾ ಜನ ಅವರಾಗವರೇ ಹೆದರಿ ಮನೇಲಿ ಕೂತಿದ್ದು.

ಇಲ್ಲಿ ಒಂದು ಹುಷಾರು. ಅವರು ನೋಡಿದ್ದು ಮನೇಲಿರಿ ಅನ್ನೋ ಆದೇಶಗಳನ್ನ, ಮಾಸ್ಕ್ ನಿಯಮವನ್ನಲ್ಲ. ಆದ್ರೆ ತಾರೀಕು ಜೋಡಿಸಿ ನೋಡಿ. ಓಡಾಟ ಕುಸಿದಿದ್ದು 2020ರ ಮಾರ್ಚ್‌ನಲ್ಲಿ. ಆಗ ಬಹುಪಾಲು ದೇಶಗಳ ಅಂಗಡಿಗಳಲ್ಲಿ ಮಾಸ್ಕ್ ಕಡ್ಡಾಯ ಇರ್ಲೇ ಇಲ್ಲ. ಜೆಕ್ ದೇಶದಲ್ಲಿ ಮಾರ್ಚ್ 19ಕ್ಕೆ ಬಂತು, ಆಸ್ಟ್ರಿಯಾದ ಸೂಪರ್‌ಮಾರ್ಕೆಟ್‌ಗಳಲ್ಲಿ ಏಪ್ರಿಲ್ 6ಕ್ಕೆ, ಜರ್ಮನಿ ಪೂರ್ತಿ ಏಪ್ರಿಲ್ ಕೊನೆ ವಾರ, ಇಂಗ್ಲೆಂಡಿನ ಅಂಗಡಿಗಳಲ್ಲಿ ಜುಲೈ 24ಕ್ಕೆ. ವಿಶ್ವ ಆರೋಗ್ಯ ಸಂಸ್ಥೆ ಕೂಡ ಸಾಮಾನ್ಯ ಜನರಿಗೆ ಬಟ್ಟೆ ಮಾಸ್ಕ್ ಹಾಕಿ ಅಂತ ಸಲಹೆ ಬದಲಾಯಿಸಿದ್ದು ಜೂನ್ 5ಕ್ಕೆ. ಅಂದ್ರೆ ಅಂಗಡಿ ಮೊದಲು ಖಾಲಿ ಆಯ್ತು, ಮಾಸ್ಕ್ ಆಮೇಲೆ ಬಂತು. ಮಾಸ್ಕ್ ಜನರನ್ನ ಓಡಿಸ್ತು ಅನ್ನೋದು ಈ ಲೆಕ್ಕದಲ್ಲಿ ನಿಲ್ಲಲ್ಲ.

ಬಿಟ್ಟಉಸಿರು
@ಲೆಕ್ಕದ_ಮನುಷ್ಯ ಸ್ವಾಮಿ, ಓಡಿಸ್ಲಿಲ್ಲ ಅಂತಾನೇ ಇಟ್ಕೊಳ್ಳೋಣ, ವಾಪಸ್ ಬರೋಕೆ ಬಿಡ್ಲಿಲ್ಲ ಅನ್ನೋದು? ನನ್ನ ವಿಷಯ ಹೇಳ್ತೀನಿ. ಕೇಸ್ ಕಮ್ಮಿ ಆಗಿ ಎಲ್ಲಾ ತೆಗೆದಿತ್ತು, ನನಗೆ ಭಯ ಅಂತೂ ಇರ್ಲಿಲ್ಲ, ಆದ್ರೆ ಅಂಗಡಿಗೆ ಹೋದ್ರೆ ಬಾಗಿಲಲ್ಲಿ ಬೋರ್ಡು, ನೆಲದ ಮೇಲೆ ದುಂಡಗೆ ಗುರುತು, ಎಲ್ಲರ ಮುಖ ಮುಚ್ಚಿದೆ, ಮೈಕಲ್ಲಿ ಹತ್ತು ನಿಮಿಷಕ್ಕೊಂದ್ಸಲ ಎಚ್ಚರಿಕೆ. ಆಸ್ಪತ್ರೆಗೆ ಬಂದಿದೀನಾ ಅಂಗಡಿಗೆ ಬಂದಿದೀನಾ ಗೊತ್ತಾಗ್ತಿರ್ಲಿಲ್ಲ. ಶಾಪಿಂಗ್ ಅಂದ್ರೆ ಸ್ವಲ್ಪ ಮೈಮರೆಯೋಕೆ ಹೋಗೋದು ತಾನೇ? ಮೈಮರೆಯೋಕೆ ಅಂತ ಹೋದ ಜಾಗದಲ್ಲಿ ಎಲ್ಲರ ಮುಖದ ಮೇಲೂ ಅದೇ ನೆನಪು ಕಟ್ಟಿದ್ರೆ ಯಾಕಾದ್ರೂ ಹೋಗ್ಬೇಕು? ಮನೇಲೇ ಕೂತು ಫೋನಲ್ಲಿ ತರಿಸ್ಕೊಂಡೆ. ಆ ಅಭ್ಯಾಸ ಇವತ್ತಿಗೂ ಹೋಗಿಲ್ಲ. ನೀವು ಲೆಕ್ಕ ಹಾಕೋದಾದ್ರೆ ನನ್ನಂಥೋರನ್ನ ಮಾಸ್ಕ್ ಖಾತೇಲಿ ಬರ್ಕೊಳ್ಳಿ.

ಅಪ್ಪನ_ಮಗಳು
ನಮ್ಮ ಮನೇಲಿ ಪೂರ್ತಿ ಉಲ್ಟಾ. ಅಪ್ಪನಿಗೆ ಕಿಡ್ನಿ ಕಸಿ ಆಗಿದೆ. ಹೊಸ ಕಿಡ್ನಿನ ದೇಹ ತಳ್ಳಿಹಾಕಬಾರ್ದು ಅಂತ ರೋಗನಿರೋಧಕ ಶಕ್ತಿನೇ ತಗ್ಗಿಸೋ ಮಾತ್ರೆ ದಿನಾ ತಗೋಬೇಕು, ಅದರಿಂದ ಬೇರೆಯವರಿಗೆ ನೆಗಡಿ ಆಗೋದು ಅವರಿಗೆ ಆಸ್ಪತ್ರೆ ಆಗುತ್ತೆ. ಲಸಿಕೆ ಕೂಡ ಅಂಥೋರಿಗೆ ಎಲ್ಲರಷ್ಟು ಚೆನ್ನಾಗಿ ಹತ್ತಲ್ಲ ಅಂತ ಡಾಕ್ಟರ್ ಹೇಳಿದ್ರು.

ಆ ಎರಡು ವರ್ಷದಲ್ಲಿ ಅಪ್ಪ ಅಂಗಡಿಗೆ ಅಂತ ಹೊರಗೆ ಬಂದಿದ್ದೇ ಮಾಸ್ಕ್ ಕಡ್ಡಾಯ ಇದ್ದಾಗ. ತಾವು ಹಾಕ್ಕೊಳ್ಳೋದು ಒಂದು, ಎದುರಿಗಿರೋರೂ ಹಾಕಿರೋದು ಇನ್ನೊಂದು, ಅವರಿಗೆ ಧೈರ್ಯ ಬರ್ತಿದ್ದಿದ್ದು ಎರಡನೇದ್ರಿಂದ. ನಿಯಮ ತೆಗೆದ ವಾರ ಎಲ್ಲರೂ ಖುಷೀಲಿ ಮಾಸ್ಕ್ ಬಿಸಾಡಿ ಓಡಾಡ್ತಿದ್ರೆ ನಮ್ಮ ಅಪ್ಪ ಬಾಗಿಲು ತನಕ ಹೋಗಿ, ಗಾಜಲ್ಲಿ ಒಳಗೆ ಇಣುಕಿ ನೋಡಿ, "ಬೇಡ ಬಾ, ಇನ್ನೊಂದ್ಸಲ ಬರೋಣ" ಅಂತ ವಾಪಸ್ ಬಂದ್ರು. ಆ ಇನ್ನೊಂದ್ಸಲ ಬರೋಕೆ ಎಂಟು ತಿಂಗಳಾಯ್ತು. ಬೋರ್ಡ್ ನೋಡಿ ವಾಪಸ್ ಹೋದೋರನ್ನ ಎಣಿಸ್ತೀರಾ, ಬೋರ್ಡ್ ತೆಗೆದಿದ್ದು ನೋಡಿ ವಾಪಸ್ ಹೋದೋರನ್ನ ಯಾರಾದ್ರೂ ಎಣಿಸಿದ್ರಾ?

ಬಿಟ್ಟಉಸಿರು
@ಅಪ್ಪನ_ಮಗಳು ಮೇಡಂ, ನಿಮ್ಮ ತಂದೆ ವಿಷಯ ಕೇಳಿ ಬೇಜಾರಾಯ್ತು, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆದ್ರೂ ಕೆಲವರಿಗೋಸ್ಕರ ಎಲ್ಲರಿಗೂ ಕಡ್ಡಾಯ ಅನ್ನೋದು ನನಗೆ ಒಪ್ಪೋಕಾಗಲ್ಲ.

ಅಪ್ಪನ_ಮಗಳು
ಒಪ್ಪಿ ಅಂತ ಕೇಳ್ಲಿಲ್ಲ ಸರ್, ಎಣಿಸಿ ಅಂದೆ.

ಕೌಂಟರ್_ನಂಬರ್_3
ಇಲ್ಲಿ ಎಲ್ಲಾ ಗಿರಾಕಿಗಳೇ ಮಾತಾಡ್ತಿದೀರಿ, ಕೌಂಟರ್ ಹಿಂದೆ ನಿಂತಿರೋರ ಕಥೆ ಕೇಳಿ. ನಾನು ದೊಡ್ಡ ಅಂಗಡೀಲಿ ಬಿಲ್ಲಿಂಗ್ ಕೆಲಸದವಳು. ನೀವು ಅರ್ಧ ಗಂಟೆ ಹಾಕ್ಕೊಳ್ಳೋಕೆ ಇಷ್ಟು ಮಾತು, ನಾವು ಎಂಟು ಗಂಟೆ. ಕಿವಿ ಹಿಂದೆ ಎಲಾಸ್ಟಿಕ್ ಕೊರೆದು ಗಾಯ ಆಗಿ, ಆಮೇಲೆ ಟೋಪಿಗೆ ಎರಡು ಗುಂಡಿ ಹೊಲ್ಕೊಂಡು ಅದಕ್ಕೆ ಸಿಕ್ಕಿಸ್ತಿದ್ದೆ.

ಕಿವಿ ನೋವು ಬಿಡಿ, ಅದಕ್ಕಿಂತ ಕಷ್ಟ ಆಗಿದ್ದು ಪೊಲೀಸ್ ಕೆಲಸ. ನಿಯಮ ಮಾಡಿದೋರು ಎಲ್ಲೋ ಇರ್ತಾರೆ, "ಸರ್ ಮಾಸ್ಕ್ ಹಾಕ್ಕೊಳಿ" ಅಂತ ಹೇಳ್ಬೇಕಾದೋಳು ನಾನು. ನನ್ನ ಅಪ್ಪನ ವಯಸ್ಸಿನೋರಿಗೆ. ಒಬ್ರು ಗದ್ದದ ಮೇಲಿದ್ದ ಮಾಸ್ಕ್ ತೋರಿಸಿ "ಹಾಕಿದೀನಲ್ಲಮ್ಮ, ಕಣ್ ಕಾಣಲ್ವಾ" ಅಂದ್ರು. ಇನ್ನೊಬ್ರು ಸಾಮಾನೆಲ್ಲ ಬೆಲ್ಟ್ ಮೇಲೆ ಸುರಿದು ಹಾಗೇ ಬಿಟ್ಟು ಹೋದ್ರು, ಅದನ್ನೆಲ್ಲ ವಾಪಸ್ ಕಪಾಟಿಗೆ ಜೋಡಿಸೋಕೆ ಮುಕ್ಕಾಲು ಗಂಟೆ. ಬಹಳ ಜನ ಸರಿಯಾಗೇ ಇದ್ರು, ನಿಜ ಹೇಳ್ಬೇಕು. ನೂರಲ್ಲಿ ಇಬ್ರು ಮೂವರು ಗಲಾಟೆ ಮಾಡೋರು, ಆದ್ರೆ ಮನೆಗೆ ಹೋದ್ಮೇಲೆ ನೆನಪಿರೋದು ಅವರೇ. ಸಾಲಲ್ಲಿ ಹಿಂದೆ ನಿಂತಿರೋರಿಗೂ ಅಷ್ಟೇ, ಜಗಳ ನೋಡಿದೋರು ಮುಂದಿನ ವಾರ ಆ ಹೊತ್ತಿಗೆ ಬರ್ತಿರ್ಲಿಲ್ಲ.

ಇನ್ನು ಮುಖ ನೋಡಿ ಲಾಕ್ ತೆಗೆಯೋ ಫೋನುಗಳು! ಇಡೀ ಅಂಗಡಿ ಮಾಸ್ಕ್ ಹಾಕ್ಕೊಂಡು ಸುತ್ತಿ, ಸರಿಯಾಗಿ ನನ್ನ ಮುಂದೆ ಬಂದು, ದುಡ್ಡು ಕಟ್ಟೋಕೆ ಅಂತ ಮಾಸ್ಕ್ ಇಳಿಸೋರು. ಎಲ್ಲಿ ಹತ್ರ ನಿಲ್ತಾರೋ ಅಲ್ಲೇ ತೆಗೀತಾರೆ. ನಡುವೆ ಒಂದು ಪ್ಲಾಸ್ಟಿಕ್ ಹಾಳೆ ನೇತು ಹಾಕಿದ್ರು, ಅದರ ಕೆಳಗಿನ ಕಿಂಡೀಲಿ ಬಗ್ಗಿ ಮಾತಾಡೋರು.

ಮಬ್ಬುಕನ್ನಡಕ
@ಕೌಂಟರ್_ನಂಬರ್_3 ಅಯ್ಯೋ, ಆ ಫೋನ್ ಗಿರಾಕಿ ನಾನೇ ಇರ್ಬೇಕು. ಕನ್ನಡಕ ಮಬ್ಬಾಗಿ ಪಾಸ್‌ವರ್ಡ್ ಒತ್ತೋಕೆ ಕಾಣ್ತಿರ್ಲಿಲ್ಲ ಅಕ್ಕ, ಕ್ಷಮಿಸಿ.

ಕಡಲಕಾಗೆ
ನನಗೆ ಮಾಸ್ಕ್ ಇದ್ದ ಕಾಲವೇ ಆರಾಮ ಇತ್ತು ಮಾರ್ರೆ. ಯಾರಿಗೂ ಗುರುತು ಸಿಗುವುದಿಲ್ಲ. ಅಂಗಡಿಯಲ್ಲಿ ಪರಿಚಯದವರು ಸಿಕ್ಕಿದರೆ ನಿಂತು ಮಾತಾಡ್ಬೇಕು, ಮದುವೆ ಆಯ್ತಾ ಕೆಲಸ ಎಂಥದ್ದು ಅಂತ ಕೇಳ್ತಾರೆ, ನಗಬೇಕು. ಮಾಸ್ಕ್ ಹಾಕಿದರೆ ಸೀದಾ ಹೋಗುವುದು, ಬೇಕಾದ್ದು ತೆಗೆದುಕೊಳ್ಳುವುದು, ಬರುವುದು. ನಗು ಬಾರದಿದ್ದರೂ ಅಡ್ಡಿ ಇಲ್ಲ, ಯಾರಿಗೆ ಕಾಣ್ತದೆ? ನಾನಂತೂ ಮುಂಚಿಗಿಂತ ಜಾಸ್ತಿಯೇ ಹೋದದ್ದು ಉಂಟು. ಇದನ್ನು ಜೋರಾಗಿ ಹೇಳಿದರೆ ಜನ ವಿಚಿತ್ರ ನೋಡ್ತಾರೆ, ಅದಕ್ಕೆ ಇಲ್ಲಿ ಹೇಳುವುದು.

ಸೋಮಾರಿ_ಸಂಘ
@ಕಡಲಕಾಗೆ ನಮ್ಮ ಸಂಘಕ್ಕೆ ಸೇರ್ಕೊಳ್ಳಿ, ಸದಸ್ಯತ್ವ ಉಚಿತ.

ತುಟಿ_ಓದುವವಳು
ನಂಗೆ ಕಿವಿ ಸರಿಯಾಗಿ ಕೇಳಲ್ಲ, ಯಂತ್ರ ಹಾಕ್ಕೊಂಡಿದ್ರೂ ಅರ್ಧ ಮಾತು ತುಟಿ ನೋಡಿನೇ ಅರ್ಥ ಮಾಡ್ಕೊಳ್ಳೋದು. ಅಂಗಡಿಯಲ್ಲಿ ಮಾಸ್ಕ್ ಕಡ್ಡಾಯ ಆದ ದಿನದಿಂದ ನನ್ನ ಪಾಲಿಗೆ ಜಗತ್ತೆಲ್ಲಾ ಬಾಯಿ ಮುಚ್ಕೊಂಡ್ಬಿಡ್ತು. ಮಾಸ್ಕು ಧ್ವನಿಯನ್ನೂ ತಿನ್ನುತ್ತೆ. ಸಾಧಾರಣ ಸರ್ಜಿಕಲ್ ಮಾಸ್ಕ್ ಎತ್ತರದ ಸ್ವರಗಳನ್ನ 3-4 ಡೆಸಿಬೆಲ್ ಇಳಿಸುತ್ತೆ, ಎನ್95 ಆದ್ರೆ ಸುಮಾರು 12ರ ತನಕ. ಸ, ಶ, ತ, ಫ ಇಂಥ ಅಕ್ಷರಗಳ ಗುರುತು ಇರೋದೇ ಆ ಎತ್ತರದ ಸ್ವರದಲ್ಲಿ. ನಿಮಗೆ ಸ್ವಲ್ಪ ಮಂಕಾಗಿ ಕೇಳಿದ್ದು ನನಗೆ ಕೇಳ್ಲೇ ಇಲ್ಲ.

ನಾನು ಅಂಗಡಿಗೆ ಹೋಗೋದು ಬಿಡ್ಲಿಲ್ಲ, ಯಾವ ಅಂಗಡಿಗೆ ಹೋಗೋದು ಅನ್ನೋದು ಬದಲಾಯ್ತು. ಬುಟ್ಟಿ ಹಿಡ್ಕೊಂಡು ನಾವೇ ಎತ್ಕೊಂಡು ಬರೋ ಕಡೆ ತೊಂದರೆ ಇಲ್ಲ. ಮಾತಾಡಿ ತಗೋಬೇಕಾದ ಜಾಗ, ಔಷಧಿ ಅಂಗಡಿ, ಟೈಲರ್, ಮೊಬೈಲ್ ರಿಪೇರಿ, ಇವೆಲ್ಲಾ ತಮ್ಮನ ಕೈಗೆ ಹೋಯ್ತು. ಹತ್ತು ವರ್ಷ ಒಬ್ಬಳೇ ಎಲ್ಲಾ ನಿಭಾಯಿಸ್ಕೊಂಡು ಬಂದೋಳು "ತಮ್ಮ, ಬರ್ತೀಯಾ ಜೊತೆಗೆ" ಅಂತ ಕೇಳ್ಬೇಕಾಯ್ತು. ಔಷಧಿ ಅಂಗಡಿಯೋರು ಏನೋ ಕೇಳಿದ್ರು, ನಾನು ಸುಮ್ನೆ ಹೂಂ ಅಂದೆ, ಮನೆಗೆ ಬಂದು ನೋಡಿದ್ರೆ ಒಂದು ವಾರದ ಬದ್ಲು ಮೂರು ತಿಂಗಳ ಮಾತ್ರೆ.

ಬಾಯಿ ಹತ್ರ ಪಾರದರ್ಶಕ ಕಿಟಕಿ ಇರೋ ಮಾಸ್ಕ್ ಬಂತು, ನಾನೇ ಖರೀದಿಸಿ ನಾಲ್ಕು ಅಂಗಡಿಯೋರಿಗೆ ಕೊಟ್ಟೆ. ಐದು ನಿಮಿಷಕ್ಕೆ ಆವಿ ಕೂತು ಕಿಟಕಿನೇ ಮಂಜು. @ಮಬ್ಬುಕನ್ನಡಕ ಅವರೇ, ನಿಮ್ಮ ಕಣ್ಣಿಗೆ ಆಗಿದ್ದು ಅವರ ಬಾಯಿಗೆ.

ಅಳತೆಪಟ್ಟಿ
@ತುಟಿ_ಓದುವವಳು ನಿಮ್ಮಂಥೋರು ನಮ್ಮಲ್ಲೂ ಒಬ್ರು ಬರ್ತಿದ್ರು. ಹುಡುಗ ಒಂದು ಚೀಟಿ ಪುಸ್ತಕ ಇಟ್ಕೊಂಡಿದ್ದ, ಬರ್ದು ತೋರಿಸ್ತಿದ್ದ. ನಿಧಾನ, ಆದ್ರೆ ನಡೀತು. ಈಗ ಮಾಸ್ಕ್ ಇಲ್ದಿದ್ರೂ ಅವರು ಬಂದ್ರೆ ಚೀಟಿನೇ ಕೇಳ್ತಾರೆ, ಅವನ ಅಕ್ಷರ ಚೆನ್ನಾಗಿದೆಯಂತೆ.

ಎರಡುಮಕ್ಕಳತಾಯಿ
ಮಕ್ಕಳನ್ನ ಕರ್ಕೊಂಡು ಹೋಗೋರ ಕಷ್ಟ ಯಾರೂ ಹೇಳ್ಲಿಲ್ಲ. ಚಿಕ್ಕೋನಿಗೆ ಆಗ ನಾಲ್ಕು ವರ್ಷ, 5 ವರ್ಷದ ಒಳಗಿನ ಮಕ್ಕಳಿಗೆ ಬೇಕಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2020ರ ಆಗಸ್ಟಲ್ಲೇ ಹೇಳಿದ್ರೂ ಸಾಲಲ್ಲಿ ನಿಂತೋರ ಕಣ್ಣು ಕೇಳಬೇಕಲ್ಲ. ದೊಡ್ಡೋಳು ಹಾಕ್ಕೊಂಡು ನಕ್ಕೋತಾ ಇದ್ಲು, ಚಿಕ್ಕೋನು ಅವಳ ಮಾಸ್ಕ್ ಎಳೆದು ಬಿಡೋದು, ಪಟ್ ಅಂತ ಮುಖಕ್ಕೆ ಹೊಡೆಯೋದು, ಅವಳು ಅಳೋದು. ಎರಡು ಸಲ ನೋಡಿ ಮೂರನೇ ಸಲದಿಂದ ಒಬ್ಬಳೇ ಹೋದೆ, ಚೀಟಿ ಬರ್ಕೊಂಡು, ಹದಿನೈದು ನಿಮಿಷದಲ್ಲಿ ಮುಗಿಸಿ. ಗಮ್ಮತ್ತು ಏನಂದ್ರೆ ಆ ತಿಂಗಳುಗಳಲ್ಲಿ ಆಟದ ಸಾಮಾನು, ಬಣ್ಣದ ಪೆನ್ಸಿಲ್ಲು, ಅದೂ ಇದೂ ಅಂತ ಏನೂ ಮನೆಗೆ ಬರ್ಲಿಲ್ಲ. ಬುಟ್ಟಿಗೆ ತಂದು ಹಾಕೋ ಕೈಗಳು ಮನೇಲಿದ್ವಲ್ಲ. ನನಗೆ ಉಳಿತಾಯ, ಅಂಗಡಿಯೋರಿಗೆ ಲಾಸು.

ಗಟ್ಟಿಮಾತು
ನನ್ನ ಮಾತ್ ಸ್ವಲ್ಪ ಕೇಳ್ರಿ. ಮಾಸ್ಕ್ ಕಡ್ಡಾಯ ಇದ್ದಾಗ ಯಾರಿಗೂ ತ್ರಾಸ್ ಇರ್ಲಿಲ್ಲ, ಎಲ್ಲಾರೂ ಹಾಕ್ಕೊತಿದ್ರು, ಮುಗೀತು. ಕಡ್ಡಾಯ ಇಲ್ಲದಾಗೂ ತ್ರಾಸ್ ಇಲ್ಲ. ತ್ರಾಸ್ ಆಗಿದ್ದು ನಡುವಿನ ಆ ನಾಕ್ ತಿಂಗ್ಳು ನೋಡ್ರಿ. ಒಂದ್ ಅಂಗಡ್ಯಾಗ "ಮಾಸ್ಕ್ ಇಲ್ಲದೆ ಪ್ರವೇಶವಿಲ್ಲ", ಬಾಜೂಕಿಂದ್ರಾಗ "ದಯವಿಟ್ಟು ಮಾಸ್ಕ್ ಧರಿಸಿ", ಅದರ ಬಾಜೂಕ ಏನೂ ಬರ್ದಿಲ್ಲ. ಹಾಕ್ಕೊಂಡ್ ಹೋದ್ರ ಇಂವಾ ಎಷ್ಟ್ ಅಂಜ್‌ಬುರುಕ ಅಂತ ನೋಡ್ತಾರ, ಹಾಕ್ಕೊಳ್ದ ಹೋದ್ರ ಎಷ್ಟ್ ಉಡಾಳ ಅಂತ ನೋಡ್ತಾರ. ಬಾಗ್ಲಾಗ ನಿಂತು ಒಳಗಿನವರ ಮಾರಿ ನೋಡಿ ಎಷ್ಟ್ ಮಂದಿ ಹಾಕ್ಯಾರ ಅಂತ ಎಣಸ್ಬೇಕು, ಆಮ್ಯಾಲ ಕಿಸೆದಾಗಿಂದ ತಗೀಬೇಕೋ ಬ್ಯಾಡೋ ಅಂತ ವಿಚಾರ ಮಾಡ್ಬೇಕು. ಒಂದ್ ಸೋಪ್ ತರಾಕ ಇಷ್ಟ್ ಲೆಕ್ಕ ಯಾಂವ ಹಾಕ್ತಾನ್ರಿ? ನಾ ಆವಾಗ ಹೋಗೂದ ಬಿಟ್ಟೆ.

ಅಪ್ಪನ_ಮಗಳು
@ಗಟ್ಟಿಮಾತು ಅಪ್ಪ ಗಾಜಲ್ಲಿ ಇಣುಕಿದ್ದು ಇದಕ್ಕೇ ಅಣ್ಣ. ಅವರೂ ಎಣಿಸ್ತಿದ್ರು.

ಅಳತೆಪಟ್ಟಿ
@ಗಟ್ಟಿಮಾತು ನೂರಕ್ಕೆ ನೂರು ನಿಜ ಸರ್. ವ್ಯಾಪಾರಿ ಕಡೆಯಿಂದ ಹೇಳ್ತೀನಿ, ನಿಯಮ ಮೇಲಿಂದ ಬಂದ್ರೆ ನನಗೆ ನಿರಾಳ. "ಸರ್ಕಾರದ ರೂಲ್ಸು ಸರ್, ನಾನೇನ್ಮಾಡ್ಲಿ" ಅಂತ ಕೈ ಎತ್ತಬಹುದು. ಗಿರಾಕಿ ಸರ್ಕಾರನ ಬೈತಾನೆ, ನನ್ನ ಅಲ್ಲ. ನಿಯಮ ತೆಗೆದು "ಅಂಗಡಿಯವರ ಇಷ್ಟ" ಅಂತ ಬಿಟ್ರು ನೋಡಿ, ಆಗ ಶುರುವಾಯ್ತು ನನ್ನ ಗೋಳು. ನಾನು ಕೇಳಿದ್ರೆ ಮಾಸ್ಕ್ ಬೇಡ ಅನ್ನೋನು ಎದುರಿನ ಅಂಗಡಿಗೆ ಹೋಗ್ತಾನೆ, ಕೇಳದಿದ್ರೆ ಹೆದರಿಕೆ ಇರೋರು ಬರಲ್ಲ. ಎದುರಿನ ಅಂಗಡಿಯೋನಿಗೂ ಇದೇ ತಲೆಬಿಸಿ. ಇಬ್ರೂ ಬಾಗಿಲಲ್ಲಿ ನಿಂತು ಒಬ್ಬರ ಬೋರ್ಡ್ ಇನ್ನೊಬ್ರು ನೋಡ್ತಿದ್ವಿ. ಅವನು ತೆಗೆದ ಸಂಜೆ ನಾನೂ ತೆಗೆದೆ. ಅಂಟು ಗಟ್ಟಿ ಇತ್ತು, ಕಾಗದ ಅರ್ಧ ಕಿತ್ತು ಬಂತು, ಆ ಗುರುತು ಗಾಜಿನ ಮೇಲೆ ಇನ್ನೂ ಇದೆ.

ಲೆಕ್ಕದ_ಮನುಷ್ಯ
ಇದು ದೊಡ್ಡ ದೊಡ್ಡ ಕಂಪನಿಗಳಿಗೂ ಆಗಿತ್ತು. ಅಮೆರಿಕದಲ್ಲಿ ದೇಶಕ್ಕೆಲ್ಲಾ ಒಂದೇ ಮಾಸ್ಕ್ ನಿಯಮ ಇರ್ಲಿಲ್ಲ, ರಾಜ್ಯಕ್ಕೊಂದು ಥರ. ಕಾಸ್ಟ್‌ಕೋ 2020ರ ಮೇ 4ಕ್ಕೇ ತನ್ನ ಅಂಗಡಿಗಳಲ್ಲಿ ಕಡ್ಡಾಯ ಮಾಡ್ತು, ವಾಲ್‌ಮಾರ್ಟ್ ಜುಲೈ 20ಕ್ಕೆ. ವಾಲ್‌ಮಾರ್ಟ್ ಹೆಜ್ಜೆ ಇಟ್ಟ ಆ ಒಂದೆರಡು ವಾರದಲ್ಲೇ ಬೇರೆ ದೊಡ್ಡ ಸರಪಳಿ ಅಂಗಡಿಗಳೂ ಒಂದರ ಹಿಂದೊಂದು ಅದೇ ಘೋಷಣೆ ಮಾಡಿದ್ವು. ಅಳತೆಪಟ್ಟಿ ಅವರು ಎದುರಿನ ಬೋರ್ಡ್ ನೋಡಿದ ಹಾಗೇ, ಎಲ್ಲರೂ ಮಾಡಿದ್ರೆ ಯಾರಿಗೂ ಗಿರಾಕಿ ತಪ್ಪಲ್ಲ.

ಇಂಗ್ಲೆಂಡಿನ ಕಥೆ ಇನ್ನೂ ಮಜಾ ಇದೆ. 2020ರ ಜುಲೈನಲ್ಲಿ ನಿಯಮ ತಂದಾಗ ಸರ್ಕಾರ ಕೊಟ್ಟ ಕಾರಣದಲ್ಲಿ ಒಂದು, ಜನರಿಗೆ ಅಂಗಡಿಗೆ ಬರೋಕೆ ವಿಶ್ವಾಸ ಬರ್ಲಿ ಅನ್ನೋದೇ. ಆದ್ರೆ ಆಗ ಗಿರಾಕಿಗೆ ಕಡ್ಡಾಯ, ಅಂಗಡಿ ಸಿಬ್ಬಂದಿಗೆ ಅಲ್ಲ! ಸಿಬ್ಬಂದಿಗೂ ಕಡ್ಡಾಯ ಆಗಿದ್ದು ಸೆಪ್ಟೆಂಬರ್ 24ಕ್ಕೆ. ಆಮೇಲೆ 2021ರ ಜುಲೈ 19ಕ್ಕೆ ತೆಗೆದ್ರು, ನವೆಂಬರ್ 30ಕ್ಕೆ ಮತ್ತೆ ಹಾಕಿದ್ರು, 2022ರ ಜನವರಿ 27ಕ್ಕೆ ಮತ್ತೆ ತೆಗೆದ್ರು. ಜನ ಎಲ್ಲಿಗೆ ಅಂತ ತಲೆ ಕೆಡಿಸ್ಕೋಬೇಕು. ಇನ್ನೊಂದು ತುದಿಗೆ ಜಪಾನ್ ನೋಡಿ, ಅಲ್ಲಿ ದಂಡ ಹಾಕೋ ಕಾನೂನೇ ಇರ್ಲಿಲ್ಲ, ಆದ್ರೂ ಎಲ್ಲರೂ ಹಾಕ್ತಿದ್ರು. 2023ರ ಮಾರ್ಚ್ 13ಕ್ಕೆ ಸರ್ಕಾರ "ಇನ್ಮೇಲೆ ನಿಮ್ಮಿಷ್ಟ" ಅಂದ ಮೇಲೂ ತುಂಬಾ ಜನ ತೆಗೀಲಿಲ್ಲ.

@ಗಟ್ಟಿಮಾತು ನೀವು ಹೇಳಿದ್ದು ನನ್ನ ತಲೆಗೆ ಹೊಳೆದೇ ಇರ್ಲಿಲ್ಲ. ನಾವು ಲೆಕ್ಕ ಹಾಕೋರು ನಿಯಮ ಇದೆ, ಇಲ್ಲ, ಅಂತ ಎರಡೇ ಕಾಲಂ ಮಾಡ್ತೀವಿ. ಬಾಗಿಲಲ್ಲಿ ನಿಂತು ಎಣಿಸೋ ಮೂರನೇ ಕಾಲಂ ಬೇಕು.

ಬಿಟ್ಟಉಸಿರು
ಕಾಲಂ ಮಾಡಿ ಸ್ವಾಮಿ, ಅದರಲ್ಲಿ ನನಗೂ ಒಂದು ಸಾಲು ಇರ್ಲಿ. ಒಂದು ವಿಷಯ ಒಪ್ಕೋತೀನಿ, ನನಗೆ ಸಿಟ್ಟು ಬರ್ತಿದ್ದಿದ್ದು ಬಟ್ಟೆ ತುಂಡಿನ ಮೇಲಲ್ಲ, ಬಾಗಿಲಲ್ಲಿ ನಿಂತು ಹಾಕ್ಕೋ ಅಂತ ಬೆರಳು ತೋರಿಸೋರ ಮೇಲೆ. @ಕೌಂಟರ್_ನಂಬರ್_3 ಹೇಳಿದ್ದು ಓದಿದ್ಮೇಲೆ ಆ ಬೆರಳಿನ ಹಿಂದೆ ಇದ್ದೋರಿಗೂ ಇಷ್ಟ ಇರ್ಲಿಲ್ಲ ಅಂತ ಗೊತ್ತಾಯ್ತು. ಸಾಮಾನು ಬೆಲ್ಟ್ ಮೇಲೆ ಬಿಟ್ಟು ಹೋದೋನು ನಾನಲ್ಲ, ಆದ್ರೆ ಒಂದ್ಸಲ ಬುಟ್ಟಿ ಬಾಗಿಲಲ್ಲೇ ಬಿಟ್ಟು ಹೋಗಿದೀನಿ. ಖಾಲಿ ಬುಟ್ಟಿ.

ಕೌಂಟರ್_ನಂಬರ್_3
ಖಾಲಿ ಬುಟ್ಟಿಗೆ ಮಾಫಿ ಇದೆ ಸರ್ 😄

ಇನ್ನೊಂದು ಹೇಳ್ತೀನಿ, ಪ್ರಶ್ನೆಗೆ ಸಂಬಂಧ ಇದೆಯೋ ಇಲ್ವೋ ಗೊತ್ತಿಲ್ಲ. ಮಾಸ್ಕ್ ಕಾಲದಲ್ಲೇ ಕೆಲಸಕ್ಕೆ ಸೇರಿದೋಳು ನಾನು, ಹಾಗಾಗಿ ದಿನಾ ಬರೋರದ್ದೂ ನನಗೆ ಕಣ್ಣು, ಹಣೆ, ಧ್ವನಿ ಅಷ್ಟೇ ಗೊತ್ತು. ಒಬ್ಬ ಅಜ್ಜ ಪ್ರತಿ ಮಂಗಳವಾರ ಬರೋರು, ನನ್ನ ಸಾಲಲ್ಲೇ ನಿಲ್ಲೋರು, ಬೇರೆ ಸಾಲು ಖಾಲಿ ಇದ್ರೂ. ನಿಯಮ ತೆಗೆದ ಮೇಲೆ ಯಾರೋ ಬೋಳು ಮುಖದೋರು ಬಂದು ನಿಂತ್ರು, ನಾನು ಹೊಸಬರು ಅಂತ ಸುಮ್ನೆ ಬಿಲ್ ಮಾಡಿದೆ. "ಚೀಲ ಇದೆಯಮ್ಮ" ಅಂದಾಗ್ಲೇ ಗೊತ್ತಾಗಿದ್ದು, ಅಜ್ಜ ಅಂತ. ನಾನು ಇಷ್ಟು ದಿನ ಅವರಿಗೆ ದೊಡ್ಡ ಬಿಳಿ ಮೀಸೆ ಇದೆ ಅಂತ ಅಂದ್ಕೊಂಡಿದ್ದೆ, ಯಾಕೋ ಏನೋ. ಅವರೂ ನನ್ನ ನೋಡಿ "ನೀನು ಇಷ್ಟು ಚಿಕ್ಕೋಳಾ" ಅಂದ್ರು.

ಕಡಲಕಾಗೆ
ಮೀಸೆ ಕಥೆ ಚಂದ ಉಂಟು.

ಮಬ್ಬುಕನ್ನಡಕ
ಎಲ್ಲಾ ಓದಿದೆ, ಎರಡೆರಡು ಸಲ. ನನ್ನ ಪ್ರಶ್ನೆಗೆ ನನ್ನ ಉತ್ತರ ಈಗ ಸಿಕ್ತು ಅನ್ಸುತ್ತೆ. ನಾನು ಹೋಗೋದು ಕಮ್ಮಿ ಮಾಡಿದ್ದು ಶುರುವಿನಲ್ಲಿ ಭಯಕ್ಕೆ, ಅದರಲ್ಲಿ ಸಂಶಯ ಇಲ್ಲ. ಆದ್ರೆ ಭಯ ಹೋದ ಮೇಲೂ ಹೋದಾಗ ಹತ್ತೇ ನಿಮಿಷಕ್ಕೆ ಆಚೆ ಬರ್ತಿದ್ದಿದ್ದು ಮಾಸ್ಕಿಗೇ. ಹೋಗೋದು ಬೇರೆ, ಅಲ್ಲಿ ನಿಲ್ಲೋದು ಬೇರೆ, ಎರಡನ್ನೂ ಒಂದೇ ಅಂತ ಅಂದ್ಕೊಂಡು ಕೂತಿದ್ದೆ. ನಾಳೆ ಮತ್ತೆ ಕಡ್ಡಾಯ ಆದ್ರೆ ಹೋಗ್ತೀನಿ, ಚೀಟಿ ಬರ್ಕೊಂಡು.

ಕನ್ನಡಕ ಮಬ್ಬಾಗೋದಕ್ಕೆ ಯಾರಿಗಾದ್ರೂ ನಿಜವಾಗ್ಲೂ ಕೆಲಸ ಮಾಡಿದ ಉಪಾಯ ಗೊತ್ತಿದ್ರೆ ಹೇಳಿ, ಈಗ ಗೊತ್ತಿರ್ಲಿ.

ತುಟಿ_ಓದುವವಳು
ಗಾಜನ್ನ ಸೋಪು ನೀರಲ್ಲಿ ತೊಳೆದು, ಒರೆಸದೆ ಹಾಗೇ ಒಣಗೋಕೆ ಬಿಡಿ. ಸೋಪಿನ ತೆಳು ಪದರ ಉಳಿಯುತ್ತೆ, ಆವಿ ಹನಿ ಹನಿಯಾಗಿ ನಿಲ್ಲದೆ ಹರಡಿಕೊಳ್ಳುತ್ತೆ, ಮಬ್ಬು ಕಾಣಲ್ಲ. ಆ ಕಿಟಕಿ ಮಾಸ್ಕಿಗೆ ನಾನು ಮಾಡಿ ನೋಡಿದ್ದೆ, ಐದು ನಿಮಿಷ ಇದ್ದಿದ್ದು ಇಪ್ಪತ್ತು ನಿಮಿಷ ಆಯ್ತು. ಗಾಜಿಗೆ ಕೋಟಿಂಗ್ ಇದ್ರೆ ಮೊದ್ಲು ಕನ್ನಡಕದ ಅಂಗಡೀಲಿ ಕೇಳ್ಕೊಳ್ಳಿ.

ಎರಡುಮಕ್ಕಳತಾಯಿ
ಅದರ ಜೊತೆ ಮೂಗಿನ ತಂತಿ ಗಟ್ಟಿ ಒತ್ತಿ, ಕನ್ನಡಕನ ಮಾಸ್ಕ್ ಮೇಲೆ ಕೂರಿಸಿ, ಕೆಳಗಲ್ಲ. ತುಕ್ಕು ಹಿಡಿದ ತಂತಿದು ಬೇಡ!

ಅಳತೆಪಟ್ಟಿ
@ಅಪ್ಪನ_ಮಗಳು ಮೇಡಂ, ಒಂದು ಮಾತು. ಎಲ್ಲಾ ಅಂಗಡೀಲೂ ಬಾಗಿಲು ತೆಗೆದ ಮೊದಲ ಅರ್ಧ ಗಂಟೆ ಹೆಚ್ಚುಕಮ್ಮಿ ಖಾಲಿ ಇರುತ್ತೆ, ಕಸ ಗುಡಿಸಿ ಬಟ್ಟೆ ಜೋಡಿಸ್ತಾ ಇರ್ತೀವಿ. ಯಾವ ಅಂಗಡಿಯಾದ್ರೂ ಮೊದ್ಲೇ ಫೋನ್ ಮಾಡಿ ಅಪ್ಪನ ವಿಷಯ ಹೇಳಿ, ಮಾಸ್ಕ್ ಹಾಕ್ಕೊಳ್ತೀರಾ ಅಂತ ಕೇಳಿ, ಹತ್ತರಲ್ಲಿ ಎಂಟು ಜನ ಹಾಕ್ಕೊಳ್ತಾರೆ. ನಾನಂತೂ ಹಾಕ್ಕೊಳ್ತೀನಿ, ಹುಡುಗ್ರಿಗೂ ಹಾಕಿಸ್ತೀನಿ. ಡ್ರಾಯರಲ್ಲಿ ಇನ್ನೂ ಎರಡು ಡಬ್ಬಿ ಇವೆ.

ಅಪ್ಪನ_ಮಗಳು
ತುಂಬಾ ಥ್ಯಾಂಕ್ಸ್ ಅಣ್ಣ. ಅಪ್ಪನಿಗೆ ಓದಿ ಹೇಳಿದೆ. ಅವರಿಗೆ ಸದ್ಯಕ್ಕೆ ಬೇಕಾಗಿರೋದು ಚಪ್ಪಲಿ, ನಿಮ್ಮದು ಬಟ್ಟೆ ಅಂಗಡಿ ಅಂದೆ. "ಪರವಾಗಿಲ್ಲ, ಒಂದು ಅಂಗಿ ತಗೊಂಡ್ರಾಯ್ತು, ಸುಮ್ನೆ ನೋಡ್ಕೊಂಡ್ ಬರೋಣ" ಅಂದ್ರು.